ಹಾಲನ್ನ ಬಿಟ್ಟ ಸಾವ್ಕಾರ

ಬಚ್ಚಲ ಮೋರಿಯಲ್ಲಿ ಇರುವೆ ಮುತ್ತಿದ್ದನ್ನು ಕಂಡ ಬೆಳಿಗ್ಗೆಯೇ ನಿಂಗರಾಜು ತನಗೆ ಸಕ್ಕರೆ ಕಾಯಿಲೆ ಬಂದಿದೆ ಎಂದು ತೀರ್ಮಾನಿಸಿಬಿಟ್ಟ. ಹಿತ್ತಲ ಮೂಲೆಯ ಆ ಬಚ್ಚಲಿಗೆ ಹೋಗುವವನು ಅವನೊಬ್ಬನೇ. ಉಚ್ಚೆಗೆ ಇರುವೆ ಬಂದರೆ ಏನರ್ಥ ಎಂಬುದು ಟಿ. ನರಸೀಪುರದ ಕಡೆಯ ಅವನ ಊರಿನಲ್ಲಿ ಮಕ್ಕಳಿಗೂ ಗೊತ್ತು. ವಯಸ್ಸು ಇನ್ನೂ ಇಪ್ಪತ್ತೈದು ತುಂಬಿಲ್ಲ, ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ನೂಲಿನ ಮಿಲ್ಲಿನಲ್ಲಿ ಪ್ಯಾಕಿಂಗ್ ಕೆಲಸ, ಒಂದು ಹೆಣ್ಣನ್ನೂ ನೋಡಲು ಹೋಗಿಲ್ಲ. ಅಷ್ಟರಲ್ಲೇ ಕಾಯಿಲೆ ಬಂದು ಕೂತಿತು. ಕ್ಯಾಂಟೀನಿನಲ್ಲಿ ಸಕ್ಕರೆ ಇಲ್ಲದ ಟೀ ಕೇಳಿ ಕುಡಿದ. ಕಾಲು ತೆಗೆಯಬೇಕಾಗಿ ಬಂದರೆ ಎಡಗಾಲೇ ಆಗಲಿ ಎಂದು ಪ್ಯಾಕಿಂಗ್ ಟೇಬಲ್ಲಿನ ಮುಂದೆ ನಿಂತೇ ಮನಸ್ಸಿನಲ್ಲಿ ರಾಜಿ ಮಾಡಿಕೊಂಡ. ಕೊನೆಗೆ ಇ.ಎಸ್.ಐ. ಡಿಸ್ಪೆನ್ಸರಿಯಲ್ಲಿ ರಕ್ತ ಕೊಟ್ಟು ಬಂದ. ರಿಪೋರ್ಟು ನೋಡಿದ ಡಾಕ್ಟರು, "ನಿನಗೇನೂ ಇಲ್ಲ ಕಣಯ್ಯ, ಇರೋದು ಭಯ ಒಂದೇ. ಅದಕ್ಕೆ ಇಲ್ಲಿ ಮಾತ್ರೆ ಇಟ್ಟಿಲ್ಲ" ಎಂದು ಕಳಿಸಿದರು.

ಭಯ ಇದ್ದದ್ದು ನಿಜ. ಕೈಯಲ್ಲಿ ಟಿಕೆಟ್ ಇದ್ದರೂ ಬಸ್ಸಿಗೆ ಚೆಕಿಂಗಿನವರು ಹತ್ತಿದರೆ ಬೆವರುವ ಆಸಾಮಿ ಅವನು.

ಇರುವೆಗಳು ಯಾರ ಸಕ್ಕರೆಗೆ ಬಂದವು ಎಂಬುದು ಮಾರನೆಯ ದಿನ ಗೊತ್ತಾಯಿತು. ಮನೆಯ ಬೆಕ್ಕು ಬಂದು ಮೋರಿಯ ಬಾಯಲ್ಲಿ ಕೂತು, ಎಮ್ಮೆಯ ಹಾಗೆ ಬಹಳ ಹೊತ್ತು ಉಚ್ಚೆ ಹೊಯ್ದು, ಆಮೇಲೆ ಬಕೆಟ್ಟಿಗೆ ಮೂತಿಯಿಟ್ಟು ಅಷ್ಟೇ ಹೊತ್ತು ನೀರು ಕುಡಿಯಿತು. ಅದು ನಡೆದು ಹೋದ ರೀತಿಯನ್ನು ನಿಂಗರಾಜು ನಿಂತು ನೋಡಿದ. ಹಿಂಗಾಲು ಎತ್ತಲಾರದೆ, ಮೊಲದ ಹಾಗೆ ಹಿಮ್ಮಡಿಯವರೆಗೂ ನೆಲಕ್ಕೂರಿ ಎಳೆದುಕೊಂಡು ಹೋಗುತ್ತಿತ್ತು.

ಬೆಕ್ಕಿನ ಹೆಸರು ಸಾವ್ಕಾರ. ಮನೆ ಗುರುಸಿದ್ದಮ್ಮನವರದು. ಅವರ ಗಂಡ ಶಂಭುಲಿಂಗಪ್ಪ ಅಂಗಡಿ ಬೀದಿಯಲ್ಲಿ ಬೆಲ್ಲ, ಕೊಬ್ಬರಿಯ ಮಂಡಿ ಇಟ್ಟಿದ್ದವರು. ಇಲಿ ಹಿಡಿಯಲೆಂದು ತಂದ ಮರಿ ಒಂದು ಇಲಿಯನ್ನೂ ಹಿಡಿಯದೆ ಗಾದಿಯ ಮೇಲೆ ಮಲಗಿಯೇ ಬೆಳೆಯಿತು. ಗಿರಾಕಿಗಳೇ ಅದಕ್ಕೆ ಸಾವ್ಕಾರ ಎಂದು ಹೆಸರಿಟ್ಟರು. ಒಂದು ದಿನ ಊಟಕ್ಕೆ ಮನೆಗೆ ಬಂದ ಶಂಭುಲಿಂಗಪ್ಪ ಸಕ್ಕರೆ ಏರಿ ಜಗಲಿಯ ಮೇಲೆಯೇ ಕುಸಿದರು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಂಡಿ ಮುಚ್ಚಿತು, ಬೆಕ್ಕು ಮನೆಗೆ ಬಂದು ಅವರ ಕುರ್ಚಿಯಲ್ಲಿ ಮಲಗತೊಡಗಿತು. 'ತಡ ಮಾಡದೆ ಇನ್ನೊಂದು ಸೂಜಿ ಚುಚ್ಚಿದ್ರೆ ಉಳೀತಿದ್ರು' ಎಂಬ ಮಾತು ಗುರುಸಿದ್ದಮ್ಮನವರ ಬಾಯಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ಅವರಿಗೂ ಅದೇ ಕಾಯಿಲೆ. ದಿನಾ ಪೂಜೆ ಮುಗಿಸಿ, ಹೂ ಪೋಣಿಸುವಷ್ಟು ಸಲೀಸಾಗಿ ತಮ್ಮ ಹೊಟ್ಟೆಗೆ ತಾವೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು.

ಲಿಂಗಪೂಜೆಯ ಮನೆ ಅದು. ಮೊಟ್ಟೆ ಎಂಬ ಮಾತನ್ನೂ ಹೊಸ್ತಿಲೊಳಗೆ ಆಡುವಂತಿಲ್ಲ. ಬೆಕ್ಕಿಗೂ ಬೆಳಿಗ್ಗೆ ಹಾಲನ್ನ, ಸಂಜೆ ಹಾಲನ್ನ, ಸೋಮವಾರ ಮೇಲೊಂದು ಚಮಚ ತುಪ್ಪ. ಹಿಂದಿನ ರೂಮು ಬಾಡಿಗೆಗೆ ಕೇಳಲು ನಿಂಗರಾಜು ಬಂದಾಗ ಜಗಲಿಯ ಮೇಲೆ ಅವನಿಗೆ ನಡೆದ ಇಂಟರ್‌ವ್ಯೂ ಮಿಲ್ಲಿನದಕ್ಕಿಂತ ಕಷ್ಟದ್ದಾಗಿತ್ತು.

"ಯಾವೂರಪ್ಪ?"

"ನರಸೀಪುರದ ಕಡೆ ಅಮ್ಮೋರೆ."

"ಹೆಸ್ರು?"

"ನಿಂಗರಾಜು."

"ಮಾಂಸ ಮೀನು ತಿನ್ನೋರಿಗೆ ಕೊಡಾದಿಲ್ಲ ಕಣಪ್ಪ, ಮೊದ್ಲೇ ಹೇಳ್ಬಿಡ್ತೀನಿ."

"ಇಲ್ಲ ಅಮ್ಮೋರೆ."

ನಿಂಗರಾಜು ಎಂಬ ಹೆಸರು ಆ ಸೀಮೆಯ ಎಲ್ಲ ಕೇರಿಗಳಲ್ಲೂ ಇದೆ. ಗುರುಸಿದ್ದಮ್ಮ ಅದನ್ನು ತಮಗೆ ಒಪ್ಪುವ ಕೇರಿಗೆ ಸೇರಿಸಿಕೊಂಡರು, ಇವನು ತಿದ್ದಲಿಲ್ಲ. ಅದಕ್ಕೆ ಹಿಂದೆ ನೋಡಿದ್ದ ಮನೆಗಳಲ್ಲಿ ಊರು, ಕೇರಿ, ಮನೆದೇವರು ಎಲ್ಲ ನಿಜ ಹೇಳಿದ ಕೂಡಲೇ, 'ಅಯ್ಯೋ, ನಿನ್ನೇನೇ ಬೇರೆಯೋರಿಗೆ ಕೊಟ್ಬುಟ್ವಲ್ಲಪ್ಪ' ಎಂಬ ಉತ್ತರ ಬಂದಿತ್ತು. 'ಇಲ್ಲ' ಅಂದದ್ದು ರೂಮಿನಲ್ಲಿ ತಿನ್ನುವುದಿಲ್ಲ ಎಂಬರ್ಥದಲ್ಲಿ ಎಂದು ತನ್ನ ಪರವಾಗಿ ತಾನೇ ವಕೀಲಿಕೆ ಮಾಡಿಕೊಂಡ. ಊರಿಗೆ ಹೋದಾಗ ಬಿಟ್ಟರೆ ಮೀನು ಮುಟ್ಟಲಿಲ್ಲ. ಆದರೂ ಅವರು ಎಂದಾದರೂ, "ನಿಮ್ಮ ಮನೆದೇವ್ರು ಯಾವ್ದಪ್ಪ?" ಎಂದು ಕೇಳಿದರೆ ಸಾಕು, ಇವನಿಗೆ ಶಿಫ್ಟಿಗೆ ಹೊತ್ತಾಗಿಬಿಡುತ್ತಿತ್ತು.

ಮೋರಿಯ ಸಂಗತಿ ತಿಳಿದ ದಿನವೇ ಕೊಬ್ಬರಿ ಬುಟ್ಟಿಯಲ್ಲಿ ಸಾವ್ಕಾರನನ್ನು ಕೂರಿಸಿ, ನಿಂಗರಾಜು ಸೈಕಲ್ ತಳ್ಳಿಕೊಂಡು, ಹಿಂದೆ ಗುರುಸಿದ್ದಮ್ಮ ನಡೆದುಕೊಂಡು, ಇಬ್ಬರೂ ಪಶು ಆಸ್ಪತ್ರೆಗೆ ಹೋದರು. ಡಾಕ್ಟರ್ ರಂಗನಾಯಕರು ಹಸು ಎಮ್ಮೆ ನೋಡಿ ನೋಡಿ ತಲೆ ನರೆತವರು. ಸಕ್ಕರೆ ಕಾಯಿಲೆಯ ಬೆಕ್ಕು ಅವರಿಗೂ ಹೊಸದು. ರಕ್ತ ನೋಡಿಸಿ, ಹಳೆಯ ಪುಸ್ತಕ ತೆಗೆದು ಬಹಳ ಹೊತ್ತು ಓದಿದರು.

"ಇನ್ಸುಲಿನ್ ಹಾಕ್ಬೇಕಮ್ಮ. ನಿಮ್ಮದೇ ಆಗುತ್ತೆ, ಡೋಸು ಚೂರೇ ಚೂರು. ಆದ್ರೆ ಊಟ ಬದಲಾಯಿಸ್ಬೇಕು. ಅನ್ನ, ಹಾಲು ಬಂದ್. ಇದು ಮಾಂಸ ತಿನ್ನೋ ಪ್ರಾಣಿ. ಫಾರಿನ್ನಲ್ಲಿ ಇದಕ್ಕೇ ಅಂತ ತಗಡಿನ ಡಬ್ಬೀಲಿ ಹಸಿಹಸಿ ಊಟ ಬರುತ್ತಂತೆ. ನಾವೆಲ್ಲಿ ತರೋಣ? ಮೀನೋ ಕೋಳಿನೋ ನೀರಲ್ಲಿ ಬೇಯಿಸಿ, ಮುಳ್ಳು ಮೂಳೆ ತೆಗೆದು, ಬೆಂದ ನೀರಿನ ಸಮೇತ ಕಲಸಿ ಕೊಡಿ. ಉಪ್ಪು ಖಾರ ಬೇಡ."

"ಸೂಜಿ ಎಷ್ಟಾದ್ರೂ ಚುಚ್ತೀನಿ ಡಾಕ್ಟ್ರೇ" ಎಂದರು ಗುರುಸಿದ್ದಮ್ಮ. "ಅದೊಂದು ಮಾತ್ರ ನಮ್ಮನೇಲಿ ಆಗಾಕಿಲ್ಲ."

"ಹಂಗಾದ್ರೆ ಹಾಲನ್ನಕ್ಕೆ ತಕ್ಕ ಹಾಗೆ ಡೋಸು ಏರಿಸ್ತಾ ಹೋಗ್ಬೇಕು. ಎಲ್ಲೀವರೆಗೆ ಅಂತ ನಂಗೂ ಗೊತ್ತಿಲ್ಲ." ಗುರುಸಿದ್ದಮ್ಮ ಹೊರಗೆ ನಡೆದ ಮೇಲೆ ಬುಟ್ಟಿ ಎತ್ತಿಕೊಳ್ಳುತ್ತಿದ್ದ ನಿಂಗರಾಜುವಿಗೆ ಮೆಲ್ಲಗೆ ಹೇಳಿದರು: "ಹಿಂಗೇ ಆದ್ರೆ ಇದು ಯುಗಾದಿ ಕಾಣಲ್ಲ ಕಣಪ್ಪ."

ಡೋಸು ಏರಿತು. ಇನ್ನೊಂದು ಸಲ ಏರಿತು. ಮೋರಿಯ ಇರುವೆ ಕಡಿಮೆಯಾಗಲಿಲ್ಲ. ಸಾವ್ಕಾರ ಚಳಿಗೆ ನಿಂಗರಾಜುವಿನ ಚಾಪೆಗೆ ಬಂದು ಬೆನ್ನಿಗೆ ಒತ್ತಿಕೊಂಡು ಮಲಗುತ್ತಿತ್ತು. ಬೆನ್ನಿಗೆ ತಾಗುತ್ತಿದ್ದುದು ಬರೀ ಮೂಳೆ. ಮುಂದೆ ಅವನು ಮಾಡಿದ್ದಕ್ಕೆ ಕರುಣೆ ಎಂದು ಹೆಸರಿಡಲು ಅವನಿಗೂ ಆಸೆಯೇ. ಆದರೆ ಅದು ಅಪ್ಪಟ ಪುಕ್ಕಲುತನ. ಬೆಕ್ಕು ತನ್ನ ಚಾಪೆಯ ಮೇಲೆ ಸತ್ತರೆ, ಅದನ್ನು ಎತ್ತಿಕೊಂಡು ಹೋಗಿ ಆ ಹೆಂಗಸಿನ ಮುಂದೆ ನಿಲ್ಲಬೇಕಲ್ಲ, ಆ ಮುಖವನ್ನು ನೋಡಬೇಕಲ್ಲ ಎಂಬುದೇ ಅವನ ಎದೆಗೆ ಕಲ್ಲಾಗಿತ್ತು.

ಸಂಕ್ರಾಂತಿಗೆ ಊರಿಗೆ ಹೋದವನು ಬರುವಾಗ ಅವ್ವ ಮುದ್ದಮ್ಮನ ಕೈಯಲ್ಲಿ ಹೊಳೆಮೀನು ಉಪ್ಪಿಲ್ಲದೆ ಬೇಯಿಸಿ ಡಬ್ಬಿಗೆ ತುಂಬಿಸಿಕೊಂಡ.

"ಉಪ್ಪಿಲ್ದೆ ಯಾರ್ಲಾ ತಿಂತಾರೆ?"

"ಬೆಕ್ಕಿಗೆ ಕಣವ್ವ."

ಮುದ್ದಮ್ಮ ಡಬ್ಬಿಯ ಮುಚ್ಚಳ ಒತ್ತುತ್ತ ಮಗನ ಮುಖ ನೋಡಿದಳು. "ಸರೋಯ್ತು. ಆ ಮನೇಲಿ ನೀನು ಐನೋರಾದೆ, ಬೆಕ್ಕು ನಮ್ಮೋರಾಯ್ತು. ಓಗು, ಬಸ್ಸು ಬತ್ತದೆ."

ಸಾವ್ಕಾರ ಮೊದಲು ಮೂಸಿ ನೋಡಿತು. ಒಂಬತ್ತು ವರ್ಷ ಹಾಲನ್ನದಲ್ಲಿ ಬೆಳೆದ ಜೀವ. ಆಮೇಲೆ ತಟ್ಟೆಗೆ ಬಾಯಿಟ್ಟದ್ದು, ತಟ್ಟೆ ಗೋಡೆಗೆ ಹೋಗಿ ತಗುಲುವವರೆಗೂ ನೆಕ್ಕಿತು. ಗಂಟಲಿನಿಂದ ಬಂದ ಗುರುಗುರು ಸದ್ದು ಪಕ್ಕದ ಮನೆಗೂ ಕೇಳುತ್ತದೇನೋ ಎಂದು ನಿಂಗರಾಜು ಕಿಟಕಿ ಮುಚ್ಚಿದ.

ಅಲ್ಲಿಂದ ಅವನದು ಕಳ್ಳನ ಬಾಳು. ಹೊಳೆಯ ಸೇತುವೆಯ ಹತ್ತಿರ ಮೀನು ಕೊಂಡು, ಟಿಫನ್ ಕ್ಯಾರಿಯರಿನ ತಳದ ಡಬ್ಬಿಯಲ್ಲಿಟ್ಟು, ಮೇಲಿನ ಡಬ್ಬಿಯಲ್ಲಿ ಮೆಸ್ಸಿನ ಚಿತ್ರಾನ್ನ ತುಂಬಿಕೊಂಡು ತರುತ್ತಿದ್ದ. ಅಗ್ಗಕ್ಕೆ ಸಿಗುತ್ತಿದ್ದುದು ಜಿಲೇಬಿ ಮೀನು. ಸಕ್ಕರೆ ಕಾಯಿಲೆಯವನ ಪಥ್ಯಕ್ಕೆ ಆ ಹೆಸರಿನ ಮೀನೇ ಸಿಗಬೇಕೆ ಎಂದು ನಗು ಬರಬೇಕಿತ್ತು, ಬರಲಿಲ್ಲ. ಸೀಮೆಎಣ್ಣೆ ಸ್ಟವ್ ಹಚ್ಚಿ, ಬಾಗಿಲಿಗೆ ಚಿಲಕ ಹಾಕಿ, ಮೀನು ಬೇಯುವಷ್ಟು ಹೊತ್ತೂ ಅಗರಬತ್ತಿ ಉರಿಸುತ್ತಿದ್ದ. ಮುಳ್ಳು ಬಿಡಿಸಿ ಕಾಗದದಲ್ಲಿ ಸುತ್ತಿ ಮಿಲ್ಲಿನ ಕಸಕ್ಕೆ ಒಯ್ಯುತ್ತಿದ್ದ. ಬೆಕ್ಕಿನ ಮೂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂಸಿ ನೋಡಿ, ಆಮೇಲೆ ಒಳಮನೆಗೆ ಬಿಡುತ್ತಿದ್ದ. ಬೆಕ್ಕು ಮೀನು ತಿಂದರೆ ಇವನು ಚಿತ್ರಾನ್ನ ತಿನ್ನುತ್ತಿದ್ದ.

"ಈ ಕಾಲ್ದಲ್ಲಿ ಇಂಥ ಹುಡುಗ್ರು ಎಲ್ಲವ್ರೆ?" ಎಂದು ಗುರುಸಿದ್ದಮ್ಮ ಹೂ ಮಾರುವವಳ ಮುಂದೆ ಹೇಳುತ್ತಿದ್ದುದು ಅವನ ಕಿವಿಗೆ ಬಿತ್ತು. "ಎರಡು ಹೊತ್ತೂ ಅಗರಬತ್ತಿ ಹಚ್ತಾನೆ." ಅಂದು ಅವನಿಗೆ ಚಿತ್ರಾನ್ನವೂ ಇಳಿಯಲಿಲ್ಲ.

ದಿನ ಕಳೆದಂತೆ ಸಾವ್ಕಾರನ ಕೂದಲು ಮಿರುಗತೊಡಗಿತು. ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿತು. ಒಂದು ಬೆಳಿಗ್ಗೆ ನೋಡಿದರೆ ಮೋರಿಯಲ್ಲಿ ಒಂದು ಇರುವೆಯೂ ಇಲ್ಲ. ನಿಂಗರಾಜು ಬಚ್ಚಲ ಬಾಗಿಲಲ್ಲಿ ದೊಡ್ಡ ಡಾಕ್ಟರಂತೆ ಸೊಂಟಕ್ಕೆ ಕೈಕೊಟ್ಟು ನಿಂತ. ಒಳಗೆ ಗುರುಸಿದ್ದಮ್ಮ, "ನಂಜುಂಡಪ್ಪ ಕಣ್ಬಿಟ್ಟ, ಸೂಜಿ ಹಿಡೀತು" ಎನ್ನುತ್ತಿದ್ದರು. ಹಾಲನ್ನವನ್ನು ಮೂಸಿ ಬಿಡುತ್ತದಲ್ಲ ಎಂಬುದೊಂದೇ ಅವರ ಕೊರಗು. ಅದು ಸೂಜಿಯ ಉಷ್ಣ ಎಂದುಕೊಂಡರು. ಅವರು ಸೂಜಿ ತಪ್ಪಿಸಲಿಲ್ಲ, ಇವನು ಮೀನು ತಪ್ಪಿಸಲಿಲ್ಲ. ಇಬ್ಬರೂ ತಾವೊಬ್ಬರೇ ಬೆಕ್ಕನ್ನು ಬದುಕಿಸುತ್ತಿದ್ದೇವೆ ಎಂದು ನಂಬಿದ್ದರು.

ಆ ಸೋಮವಾರ ಮಿಲ್ಲಿನಿಂದ ಬಂದು ಸೈಕಲ್ ಒರಗಿಸುವಾಗ ದೀಪ ಹಚ್ಚುವ ಹೊತ್ತು. ಒಳಗಿನಿಂದ ಗುರುಸಿದ್ದಮ್ಮ ಕೂಗಿ ಕರೆದರು.

"ನಿಂಗರಾಜು, ಓಡ್ಬಾರೋ."

ನಡುಮನೆಯಲ್ಲಿ ಸಾವ್ಕಾರ ಕುಡಿದವರ ಹಾಗೆ ತೂರಾಡುತ್ತಿತ್ತು. ಕುರ್ಚಿಯ ಕಾಲಿಗೆ ತಲೆ ಹೊಡೆದುಕೊಂಡು ಪಕ್ಕಕ್ಕೆ ಬಿತ್ತು. ಬಾಯಿಂದ ಜೊಲ್ಲು, ನಾಲ್ಕೂ ಕಾಲು ಅದುರುತ್ತಿವೆ, ಕಣ್ಣು ತೆರೆದೇ ಇದ್ದರೂ ಏನನ್ನೂ ನೋಡುತ್ತಿಲ್ಲ. ಗುರುಸಿದ್ದಮ್ಮ ಮಂಡಿಯೂರಿ ಕೂತು ಆಗಲೇ ಸೂಜಿಗೆ ಔಷಧಿ ಎಳೆದಿದ್ದರು.

"ಅವ್ರಿಗೂ ಹಿಂಗೇ ಆಗಿದ್ದು ಕಣಪ್ಪ. ಹಿಂಗೇ, ಇದೇ ಥರ. ಸಕ್ಕರೆ ಏರ್ಬುಟ್ಟದೆ. ಅವತ್ತು ತಡ ಮಾಡ್ಬುಟ್ಟೆ, ಇವತ್ತು ಮಾಡಾಕಿಲ್ಲ. ಹಿಡ್ಕೊ ಇದನ್ನ."

ನಿಂಗರಾಜು ಬೆಕ್ಕನ್ನು ಹಿಡಿದುಕೊಂಡ. ಅವರು ಅದರ ಕತ್ತಿನ ಹಿಂದಿನ ಚರ್ಮ ಎತ್ತಿದರು. ಆಗ ಅವನ ಕಣ್ಣ ಮುಂದೆ ಬಂದದ್ದು ಇರುವೆಯಿಲ್ಲದ ಮೋರಿ. ಸಕ್ಕರೆ ಏರಿದ್ದರೆ ಇರುವೆ ಇರಬೇಕಿತ್ತಲ್ಲ?

"ತಡೀರಿ ಅಮ್ಮೋರೆ. ಒಂದ್ ಫೋನ್ ಮಾಡ್ತೀನಿ, ಒಂದೇ."

ಫೋನು ಶಂಭುಲಿಂಗಪ್ಪನವರ ಫೋಟೋದ ಕೆಳಗಿತ್ತು, ಬೆಕ್ಕನ್ನು ಎತ್ತಿಕೊಂಡೇ ಅಲ್ಲಿಗೆ ಹೋದ. ರಂಗನಾಯಕರ ಮನೆಯಲ್ಲಿ ಅವರ ಹೆಂಡತಿ ಎತ್ತಿದರು: ಹುಲ್ಲಹಳ್ಳಿಯಲ್ಲಿ ದನಗಳಿಗೆ ಸೂಜಿ ಹಾಕುವ ಕ್ಯಾಂಪು, ಇನ್ನೂ ಬಂದಿಲ್ಲ. ನಿಂಗರಾಜುವಿಗೆ ಬಾಯಿಪಾಠವಿದ್ದ ಇನ್ನೊಂದು ನಂಬರು ಟಿ. ನರಸೀಪುರದ ಆಸ್ಪತ್ರೆಯ ವಾರ್ಡಿನದು. ಅಲ್ಲಿ ಅವನ ತಂಗಿ ನರ್ಸು. ಅವಳು ಲೈನಿಗೆ ಬಂದಳು. ಇವನು ಒಂದೇ ಉಸಿರಿಗೆ ಎಲ್ಲ ಹೇಳಿದ, ಒಂದನ್ನು ಬಿಟ್ಟು.

"ಅಣ್ಣ, ಏರಿದ್ರೂ ಬೀಳ್ತಾರೆ, ಇಳಿದ್ರೂ ಬೀಳ್ತಾರೆ. ನೋಡ್ದೆ ಹೆಂಗೇಳ್ಲಿ? ಊಟ ಏನ್ ತಿಂದಿತ್ತು, ಅದೇಳು."

ಹಳೆಯ ಫೋನು. ಅವಳ ಮಾತು ನಡುಮನೆಗೆಲ್ಲ ಕೇಳುತ್ತಿತ್ತು.

"ಹಾಲನ್ನ ಅಂತ ಹೇಳಪ್ಪ, ಮಿಕ್ಕಿಸಿದ್ರೂ ನಾ ಹಾಕಾದು ಅದೇ ತಾನೆ" ಎಂದರು ಗುರುಸಿದ್ದಮ್ಮ. ಸೂಜಿ ಅವರ ಕೈಯಲ್ಲೇ ಇತ್ತು.

"ಹಾಲನ್ನ ಆದ್ರೆ ಏರೇ ಇರ್ಬೋದು ಕಣಣ್ಣ. ಸರಿಯಾಗೇಳು, ಹಾಲನ್ನನೇನಾ?"

ಹೌದು ಅಂದುಬಿಟ್ಟರೆ ರೂಮು ಉಳಿಯುತ್ತದೆ, ಒಳ್ಳೆಯ ಹುಡುಗನೆಂಬ ಹೆಸರು ಉಳಿಯುತ್ತದೆ, ಸೂಜಿ ಇಳಿಯುತ್ತದೆ. ಅದು ಕೊಲ್ಲುತ್ತದೋ ಉಳಿಸುತ್ತದೋ ಅವನಿಗೆ ಗೊತ್ತಿಲ್ಲ. ಕೈಯೊಳಗೆ ಬೆಕ್ಕಿನ ತಲೆ ಅದುರುವುದು ನಿಂತು, ಬಟ್ಟೆಯ ಗಂಟಿನ ಹಾಗೆ ಜೋತುಬಿತ್ತು.

"ಮೀನು" ಎಂದ.

ಗುರುಸಿದ್ದಮ್ಮ ಸೂಜಿ ಹಿಡಿದ ಹಾಗೆಯೇ ಅವನ ಕಡೆ ತಿರುಗಿದರು.

"ಸಂಕ್ರಾಂತಿಯಿಂದ ಎರಡು ಹೊತ್ತೂ ಬೇಯಿಸಿದ ಮೀನು. ನನ್ ರೂಮಲ್ಲಿ. ಹಾಲನ್ನ ಮುಟ್ಟೇ ಇಲ್ಲ."

"ಸೂಜಿ ಕೆಳಗಿಡಕ್ಕೇಳು ಮೊದ್ಲು" ಎಂದಳು ತಂಗಿ. "ಅನ್ನಕ್ಕೆ ಅಂತ ಏರ್ಸಿರೋ ಡೋಸು, ಅನ್ನನೇ ಇಲ್ದೆ ಬಿದ್ದದೆ. ಸಕ್ಕರೆ ಇಳಿದೋಗಿರೋದು. ಇನ್ನೊಂದು ಚುಚ್ಚಿದ್ರೆ ಓಯ್ತದೆ. ಜೇನೋ ಸಕ್ಕರೆನೋ ವಸಡಿಗೆ ಸವರು, ಗಂಟಲಿಗೆ ಉಯ್ಬೇಡ. ಮನುಷ್ಯರಿಗಾದ್ರೆ ನಾವು ಹಂಗೇ ಮಾಡಾದು. ಬೆಕ್ಕಿಗೆ ನಂಗೊತ್ತಿಲ್ಲ ಕಣಣ್ಣ. ಪಕ್ಕದಲ್ಲಿ ಯಾರವ್ರೆ, ಕೊಡು."

ಗುರುಸಿದ್ದಮ್ಮ ರಿಸೀವರ್ ತೆಗೆದುಕೊಂಡರು. "ಯಾರವ್ವ ನೀನು?"

"ಅವನ ತಂಗಿ ಕಣಮ್ಮ. ಸಂಘಮಿತ್ರಾ ಅಂತ."

ಅಜ್ಜ ಇಟ್ಟ ಹೆಸರು ನಿಂಗರಾಜು ಯಾವ ಕೇರಿಯಲ್ಲಾದರೂ ಅಡಗಿಕೊಳ್ಳುತ್ತಿತ್ತು. ಅಪ್ಪ ಮೈಸೂರಿನ ಸಭೆಗಳಿಗೆ ಹೋಗಿ ಬುದ್ಧನ ಫೋಟೋ ತಂದು ಗೋಡೆಗೆ ಹಾಕಿದ ಮೇಲೆ ಹುಟ್ಟಿದವಳು ಸಂಘಮಿತ್ರಾ. ಆ ಸೀಮೆಯಲ್ಲಿ ಆ ಹೆಸರು ಯಾವ ಕೇರಿಯದೆಂದು ಯಾರೂ ಕೇಳಬೇಕಾಗಿಲ್ಲ. ಗುರುಸಿದ್ದಮ್ಮ ರಿಸೀವರ್ ಕಿವಿಗೆ ಹಿಡಿದುಕೊಂಡೇ ನಿಂಗರಾಜುವನ್ನು ನೋಡಿದರು. ಅವನು ಬೆಕ್ಕನ್ನು ನೋಡಿದ. ಆಮೇಲೆ ಅವರು ಸೂಜಿಗೆ ಮುಚ್ಚಳ ಹಾಕಿದ ಚಿಕ್ಕ ಸದ್ದು ಕೇಳಿಸಿತು.

ಸಕ್ಕರೆ ಕಾಯಿಲೆಯವರ ಅಡುಗೆಮನೆ, ಅಲ್ಲಿ ಸಕ್ಕರೆಯೂ ಇಲ್ಲ, ಬೆಲ್ಲವೂ ಇಲ್ಲ. ಇದ್ದ ಸಿಹಿ ದೇವರಮನೆಯಲ್ಲಿ ಮಾತ್ರ. ಸೋಮವಾರದ ಪೂಜೆಯ ಪಂಚಾಮೃತ. ಗುರುಸಿದ್ದಮ್ಮ ಒಳಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತರು. ಅದೆಷ್ಟು ಹೊತ್ತೋ, ನಿಂಗರಾಜುವಿಗೆ ಒಂದು ಶಿಫ್ಟಿನಷ್ಟಾಯಿತು. ಬೆಳ್ಳಿ ಬಟ್ಟಲು ಹಿಡಿದು ಬಂದರು. ಬಟ್ಟಲನ್ನು ಅವನಿಗೆ ಕೊಡಲಿಲ್ಲ. ತಾವೇ ಕೂತು, ಜೇನು ಇಳಿದಿದ್ದ ತಳದಿಂದ ಬೆರಳಲ್ಲಿ ತೆಗೆದು, ಮೀನು ತಿಂದ ಆ ಬಾಯೊಳಗೆ ಹಾಕಿ ವಸಡಿಗೆ ಸವರಿದರು. ಅವನು ತುಟಿ ಬಿಡಿಸಿ ಹಿಡಿದ. ಮತ್ತೆ ಸವರಿದರು. ಏನೂ ಆಗಲಿಲ್ಲ. ಇಬ್ಬರ ಬೆರಳೂ ಅಂಟಂಟಾದವು. ಹೊರಗೆ ಯಾರೋ ಸೈಕಲ್ ಬೆಲ್ಲು ಹೊಡೆದುಕೊಂಡು ಹೋದರು. ಬೆಕ್ಕಿನ ಪಕ್ಕೆ ಏಳುತ್ತಿದೆಯೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ.

ಆಮೇಲೆ ಗುಲಾಬಿ ನಾಲಿಗೆಯ ತುದಿ ಹೊರಗೆ ಬಂದು ಗುರುಸಿದ್ದಮ್ಮನವರ ಬೆರಳನ್ನು ಒಮ್ಮೆ ನೆಕ್ಕಿತು.

ಸಾವ್ಕಾರ ತಲೆಯೆತ್ತಿ ಕೂರುವವರೆಗೂ ಅವರು ಸವರುತ್ತಲೇ ಇದ್ದರು. ಕೂತ ಮೇಲೆ ಕೇಳಿದರು.

"ಏನ್ ಮೀನು?"

"ಜಿಲೇಬಿ ಅಮ್ಮೋರೆ."

ಹುಡುಗ ತಮಾಷೆ ಮಾಡುತ್ತಿದ್ದಾನೆಯೇ ಎಂದು ಅವರು ಹುಬ್ಬು ಗಂಟಿಕ್ಕಿದರು.

"ನಿಜ ಅಮ್ಮೋರೆ, ಅದರ ಹೆಸರೇ ಹಂಗೆ."

"ನೀನೂ ತಿಂತಿದ್ಯಾ?"

"ರೂಮಲ್ಲಿ ಇಲ್ಲ."

"ಊರಲ್ಲಿ?"

"ತಿಂತೀನಿ."

"ಅಗರಬತ್ತಿ ಅದಕ್ಕಾ?"

"ಹೂಂ ಅಮ್ಮೋರೆ."

ಅವರು ಎದ್ದು ಒಳಗಿನ ಬಚ್ಚಲಮನೆಗೆ ಹೋದರು. ತಲೆಯ ಮೇಲೆ ನೀರು ಹುಯ್ದುಕೊಳ್ಳುವ ಸದ್ದು ಬಹಳ ಹೊತ್ತು ಬಂತು. ಒಂದೊಂದು ಚೊಂಬು ನೀರೂ ಬೆನ್ನಿಗೆ ಬಿದ್ದ ಹಾಗಾಗಿ ನಿಂಗರಾಜು ರೂಮಿಗೆ ಹೋಗಿ ಟ್ರಂಕು ಎಳೆದ. ಮಡಿಸಿಡುವಂಥದ್ದು ಹೆಚ್ಚೇನೂ ಇರಲಿಲ್ಲ. ಸ್ಟವ್ ಆರಿದೆಯೋ ಎಂದು ಸುಮ್ಮನೆ ಮೂರು ಸಲ ನೋಡಿದ. ಒದ್ದೆ ಕೂದಲು ಬಿಟ್ಟುಕೊಂಡು ಗುರುಸಿದ್ದಮ್ಮ ಹಿತ್ತಲ ಬಾಗಿಲಿಗೆ ಬಂದು, ಹೊಸ್ತಿಲು ದಾಟದೆ ನಿಂತರು.

"ಟ್ರಂಕ್ ಯಾಕ್ ತೆಗ್ದೆ?"

ಅವನು ಟ್ರಂಕಿನ ಮುಚ್ಚಳ ಹಾಕಿದ.

"ನಾಳೆ ಬೆಳಿಗ್ಗೆ ಅದಕ್ಕೆ ಊಟ ಬೇಯ್ಸೋರ್ಯಾರು? ನಾನಾ?"

"ಇಲ್ಲ ಅಮ್ಮೋರೆ."

"ನಂಗೆ ಸುಳ್ಳೇಳ್ದೆ ನೀನು."

"ಹೂಂ ಅಮ್ಮೋರೆ."

"ರೂಮೊಳಗೆ ಬೇಡ. ಬಟ್ಟೆ ಒಗೆಯೋ ಕಲ್ಲತ್ರ ಮೂರು ಕಲ್ಲಿಟ್ಟು ಒಲೆ ಹೂಡ್ಕೊ. ಅಗರಬತ್ತಿ ಹಚ್ಬೇಡ, ದೇವ್ರಿಗೂ ಒಗ್ಗಲ್ಲ ಅದು." ಹೋಗುವವರು ತಿರುಗಿ ನಿಂತರು. "ಅದು ಉಣ್ಣೋತಂಕ ನಾ ಸೂಜಿ ಚುಚ್ಚಾಕಿಲ್ಲ. ತಟ್ಟೆ ತೋರಿಸ್ಬೇಕು ನಂಗೆ."

ಅಷ್ಟೇ. ಕೇರಿಯ ಮಾತನ್ನು ಆಗಲೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಮನೆದೇವರು ಯಾವುದೆಂದು ಕೇಳುವುದನ್ನು ಮಾತ್ರ ನಿಲ್ಲಿಸಿದರು. ಕ್ಷಮಿಸಿದರೋ, ಅಥವಾ ಬೆಕ್ಕಿನ ಅಡುಗೆಯವನು ಸಿಗುವುದಿಲ್ಲವೆಂದು ಇಟ್ಟುಕೊಂಡರೋ, ನಿಂಗರಾಜುವಿಗೆ ತಿಳಿಯದು. ಕೇಳಿ ತಿಳಿದುಕೊಳ್ಳುವಷ್ಟು ಧೈರ್ಯ ಇರುವವನೂ ಅವನಲ್ಲ.

ರಂಗನಾಯಕರು ಎಲ್ಲ ಕೇಳಿ, ಇಬ್ಬರನ್ನೂ ಸೇರಿಸಿ ಬೈದು, ಡೋಸನ್ನು ಅರ್ಧಕ್ಕಿಂತ ಕೆಳಗಿಳಿಸಿದರು. ಬೆಕ್ಕು ಯುಗಾದಿ ಕಂಡಿತು. ಆದರೆ ಒಗೆಯುವ ಕಲ್ಲಿನ ಹತ್ತಿರ ಪ್ರತಿ ಬೆಳಿಗ್ಗೆಯೂ ಅದೇ ಎದೆಬಡಿತ. ಸಾವ್ಕಾರ ತಟ್ಟೆಗೆ ಬಾಯಿ ಹಾಕುತ್ತದೆ, ಗುರುಸಿದ್ದಮ್ಮ ಮೂಗಿಗೆ ಸೆರಗು ಮುಚ್ಚಿ ಸೂಜಿ ಹಿಡಿದು ಹೊಸ್ತಿಲಲ್ಲಿ ನಿಂತಿರುತ್ತಾರೆ.

"ತಿಂತಾ?"

"ತಿಂತು ಅಮ್ಮೋರೆ." ಖಾಲಿ ತಟ್ಟೆಯನ್ನು ಅವನು ವಾಲಿಸಿ ತೋರಿಸುತ್ತಾನೆ.

ಬೇಸಿಗೆಯ ಒಂದು ಬೆಳಿಗ್ಗೆ ಸಾವ್ಕಾರ ತಟ್ಟೆ ಮೂಸಿ ಮುಖ ತಿರುಗಿಸಿತು. ಮತ್ತೆ ಮುಂದಿಟ್ಟ. ಮತ್ತೆ ತಿರುಗಿಸಿತು. ಹಿಂದೆ ಹೆಜ್ಜೆ ಸದ್ದಾಯಿತು. ನೋಡಿದರೆ ಗುರುಸಿದ್ದಮ್ಮ ಹೊಸ್ತಿಲು ದಾಟಿ ಬಂದು, ಒಲೆಯ ಪಕ್ಕದಲ್ಲೇ ನಿಂತು ತಟ್ಟೆಯೊಳಗೆ ಬಗ್ಗಿ ನೋಡುತ್ತಿದ್ದಾರೆ. ಸೆರಗು ಮೂಗಿನಿಂದ ಜಾರಿದ್ದು ಅವರಿಗೆ ಗೊತ್ತಿದ್ದಂತಿರಲಿಲ್ಲ.

"ಇದು ನಿನ್ನೆದಾ?"

"ಹೂಂ. ನಿನ್ನೆ ಸಂಜೆ ತಂದಿದ್ದು ಮಿಕ್ಕಿತ್ತು."

"ವಾಸ್ನೆ ಬಂದದೆ. ಅದಕ್ಕೇ ಒಲ್ಲೆ ಅಂತದೆ. ಓಗು, ಹೊಸದು ತಗಂಬಾ."

"ಶಿಫ್ಟಿಗೆ ಹೊತ್ತಾಯ್ತು ಅಮ್ಮೋರೆ."

"ಆಗ್ಲಿ. ನಾ ಸೂಜಿ ಇಡ್ಕೊಂಡು ಇಲ್ಲೇ ನಿಂತಿರ್ತೀನಿ."

ಮಿಲ್ಲಿನ ಸೈರನ್ ಕೂಗುವಾಗ ನಿಂಗರಾಜು ಅದಕ್ಕೆ ಬೆನ್ನು ಹಾಕಿ, ಹೊಳೆಯ ಸೇತುವೆಯ ಕಡೆ ಏದುಸಿರು ಬಿಡುತ್ತ ಸೈಕಲ್ ತುಳಿಯುತ್ತಿದ್ದ. ಮೀನು ಖಾಲಿಯಾಗಿಬಿಟ್ಟಿದ್ದರೆ ಎಂಬ ಭಯ ಅವನಿಗಿಂತ ಮುಂದೆ ಓಡುತ್ತಿತ್ತು.